ಮನೆ ಬಿಡುವಾಗಿನ ಯಾದಿ

ಮನೆಯನ್ನು ಹೊಗುವದಕ್ಕೆ ಈ ನಾಡಿನಲ್ಲಿ ವಿಧಿಯುಂಟು; ಬಿಡುವದಕ್ಕೆ ವಿಧಿಯಿಲ್ಲ. ಹೊಗುವಾಗ ಪಂಚಾಂಗವನ್ನು ತೆಗೆಯುತ್ತಾರೆ. ತಿಥಿ, ವಾರ, ನಕ್ಷತ್ರಗಳನ್ನು ನೋಡುತ್ತಾರೆ. ಹೊಸ್ತಿಲಿಗೆ ಅರಿಸಿನ-ಕುಂಕುಮಗಳನ್ನು ಹಚ್ಚುತ್ತಾರೆ. ಒಲೆಯ ಮೇಲೆ ಹಾಲನ್ನು ಉಕ್ಕಿಸುತ್ತಾರೆ. ಮನೆಯು ಸ್ವಂತದ್ದಾಗಲಿ ಬಾಡಿಗೆಯದಾಗಲಿ, ಹಾಲು ಉಕ್ಕುವ ಮೊದಲು ಗೃಹಿಣಿಯು ಅಲ್ಲಿ ಅನ್ನಕ್ಕೆ ಎಸರಿಡುವದಿಲ್ಲ. ಬಿಡುವ ದಿನದ ಚಿತ್ರವೇ ಬೇರೆ. ಸಾಮಾನು ಒಯ್ಯುವ ಗಾಡಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿರುತ್ತಾನೆ, ಮಕ್ಕಳು ಹಸಿದಿರುತ್ತಾರೆ, ಗಂಟುಮೂಟೆಗಳ ನಡುವೆ ಕಸಬರಿಗೆಯು ಸಿಕ್ಕುವದಿಲ್ಲ. ಮನೆಯ ಯಜಮಾನನ ಕೈಗೆ ಕೀಲಿಕೈಯನ್ನು ಕೊಟ್ಟು, "ಏನಾದರೂ ತಪ್ಪಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿರಿ" ಎಂದು ಹೇಳಿ ಹೊರಡುವದಷ್ಟೇ ಅಲ್ಲಿಯ ವಿಧಿ. ಹತ್ತು ಹನ್ನೆರಡು ವರ್ಷಗಳ ಸೌಹಾರ್ದವು ಮುರಿಯುವದಿದ್ದರೆ ಅದು ಬಹುತರವಾಗಿ ಈ ವಿಧಿಯಿಲ್ಲದ ಅರ್ಧ ತಾಸಿನಲ್ಲಿಯೇ ಮುರಿಯುತ್ತದೆ.

ಚಿಕ್ಕೋಡಿ ತಾಲೂಕಿನ ಕರೋಶಿಯಲ್ಲಿ ಒಂದು ಮನೆಯನ್ನು ಬಿಡುವಾಗ ನಡೆದ ಸಂಗತಿಯು ಇದಕ್ಕೆ ದೃಷ್ಟಾಂತವಾಗಿದೆ. ಮನೆಯೇನೂ ದೊಡ್ಡದಲ್ಲ. ಕರಿಕಲ್ಲಿನ ಬುನಾದಿ, ಮಣ್ಣಿನ ಗೋಡೆ, ಹಂಚಿನ ಛಾವಣಿ. ಮುಂದೆ ಪಡಸಾಲೆ, ನಡುವೆ ಒಂದು ಕೋಣೆ, ಅದರಾಚೆ ಅಡಿಗೆಯ ಮನೆ, ಹಿತ್ತಲಲ್ಲಿ ಬಚ್ಚಲು. ಇದರಲ್ಲಿ ಒಬ್ಬ ಕಾರಕೂನರು ಹೆಂಡತಿ ಮಕ್ಕಳೊಡನೆ ೨೦೧೪ರ ಯುಗಾದಿಯಿಂದ ೨೦೨೫ರ ವರೆಗೆ, ಅಂದರೆ ಹನ್ನೊಂದು ವರ್ಷಗಳ ಮೇಲೆ, ವಾಸಿಸಿದರು. ಅವರು ಒಂದು ಸಹಕಾರಿ ಪತ್ತಿನ ಸಂಘದಲ್ಲಿ ಲೆಕ್ಕ ಬರೆಯುವವರು. ಊರಿನವರ ಕಬ್ಬಿನ ಬಿಲ್ಲು, ತಂಬಾಕಿನ ಹಣ, ಹೆಣ್ಣುಮಕ್ಕಳ ಉಳಿತಾಯ ಇವೆಲ್ಲ ಅವರ ಖಾತೆಯ ಪುಸ್ತಕದಲ್ಲಿ ಪೈಗೆ ಪೈ ಕೂಡಿ ಬರುತ್ತಿದ್ದವು. ಆದರೆ ತಾವು ವಾಸಿಸಿದ ಮನೆಯ ಲೆಕ್ಕವು ಮಾತ್ರ ಅವರ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಮನೆಯ ಒಡತಿ ಎಂಬತ್ತರ ಹತ್ತಿರದ ವೃದ್ಧೆ. ಆಕೆಯ ಪತಿ ತಲಾಠಿಯ ಕೆಲಸದಲ್ಲಿದ್ದು ನಿವೃತ್ತರಾದವರು. ಮನೆಯನ್ನು ಬಾಡಿಗೆಗೆ ಕೊಟ್ಟವರೂ ಅವರೇ. ಅವರು ಕಾಲವಾಗಿ ಐದಾರು ವರ್ಷಗಳಾಗಿದ್ದವು. ಒಡತಿಯು ಪಕ್ಕದ ಮನೆಯಲ್ಲಿಯೇ ಇದ್ದುದರಿಂದ ಎರಡು ಮನೆಗಳ ನಡುವೆ ಸಾರು-ಪಲ್ಯಗಳ ಹೋಗುಬರುವಿಕೆಯು ನಿತ್ಯ ಇತ್ತು. ಕಾರಕೂನರ ಮಕ್ಕಳು ಆಕೆಯನ್ನು ಆಯಿ ಎಂದೇ ಕರೆದು ಬೆಳೆದರು. ಅವರನ್ನು ನೋಡಿ ಕಾರಕೂನರೂ ಹಾಗೆಯೇ ಕರೆಯುತ್ತಿದ್ದರು. ರಾಯಬಾಗದ ಶಾಖೆಗೆ ಕಾರಕೂನರ ವರ್ಗವಾದ ಸುದ್ದಿಯನ್ನು ಕೇಳಿದಾಗ ಆಕೆಯು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ.

ಮನೆಯನ್ನು ಒಪ್ಪಿಸುವ ದಿನ ಇಚಲಕರಂಜಿಯಿಂದ ವೃದ್ಧೆಯ ಮಗನು ಬಂದನು. ಆತನು ಮರ್ಯಾದೆಯ ಮನುಷ್ಯನೇ. ಆದರೆ ಊರನ್ನು ಬಿಟ್ಟು ಬಹಳ ವರ್ಷಗಳಾದದ್ದರಿಂದ ಬಾಡಿಗೆದಾರರ ಮುಖಪರಿಚಯದ ಹೊರತು ಆತನಿಗೆ ಬೇರೆ ಸಂಬಂಧವಿರಲಿಲ್ಲ. ಖಾಲಿಯಾದ ಮನೆಯಲ್ಲಿ ತಿರುಗಾಡಿ, ಮೊಬೈಲಿನಿಂದ ಒಂದೊಂದೇ ಫೋಟೋ ತೆಗೆಯತೊಡಗಿದನು. ಪಡಸಾಲೆಯ ಪೂರ್ವದ ಗೋಡೆಯಲ್ಲಿ ಕಿಟಕಿಯ ಮೇಲುಗಡೆಗೆ ಒಂದು ಬಿರುಕು. ನೆಲದಲ್ಲಿ ಒಡೆದ ಐದು ಫರಸಿಗಳು. ಅಡಿಗೆಯ ಮನೆಯಲ್ಲಿ ಒಲೆಯ ಹಿಂದಿನ ಗೋಡೆಗೆ ಎಣ್ಣೆ-ಹೊಗೆಗಳ ಕಪ್ಪು. ಇವುಗಳನ್ನೆಲ್ಲ ನೋಡಿ, ಠೇವಣಿಯ ಹತ್ತು ಸಾವಿರ ರೂಪಾಯಿಗಳು ದುರಸ್ತಿಗೇ ಸಾಲವೆಂದನು.

"ಆ ಬಿರುಕ ನಾವು ಬಂದಾಗಿಂದನೂ ಐತ್ರಿ" ಎಂದರು ಕಾರಕೂನರು.

"ಇತ್ತು ಅನ್ನಾಕ ಸಾಕ್ಷಿ ಯಾರು?" ಎಂದನು ಆತ.

ಸಾಕ್ಷಿಗಳು ಬಂದರು. ಎದುರು ಮನೆಯವರೊಬ್ಬರು ಬಿರುಕು ಮೊದಲಿನಿಂದ ಇತ್ತೆಂದರು. ಅವರ ತಮ್ಮಂದಿರು ಇರಲಿಲ್ಲವೆಂದರು. ಇಬ್ಬರೂ ಸುಳ್ಳಾಡುವವರಲ್ಲ. ಪರರ ಮನೆಯ ಗೋಡೆಯ ಬಿರುಕನ್ನು ಯಾರೂ ಹನ್ನೊಂದು ವರ್ಷ ನೆನಪಿನಲ್ಲಿಟ್ಟುಕೊಳ್ಳುವದಿಲ್ಲ. ಕೇಳಿದಾಗ ತಮಗೆ ಬೇಕಾದವರ ಪಕ್ಷಕ್ಕೆ ನೆನಪು ತಾನಾಗಿ ವಾಲುತ್ತದೆ. ಕಾರಕೂನರ ಮುಖವು ಕೆಂಪೇರಿತು. ಹಣಕ್ಕಿಂತ ಹೆಚ್ಚಾಗಿ, ತಮ್ಮ ಮಾತಿಗೆ ಸಾಕ್ಷಿ ಬೇಕಾಯಿತಲ್ಲಾ ಎಂಬ ವ್ಯಥೆಯು ಅವರನ್ನು ಚುಚ್ಚಿತು. ಮಗನಾದರೋ, ತಾಯಿಯ ಮುಗ್ಧತೆಯನ್ನು ಇವರು ಹನ್ನೊಂದು ವರ್ಷ ಬಳಸಿಕೊಂಡರೇನೋ ಎಂಬ ಸಂಶಯದಲ್ಲಿ ಬಿದ್ದನು. ಈರ್ವರೂ ಸಜ್ಜನರೇ, ಆದರೂ ಜಗಳಕ್ಕೆ ಬೇಕಾದ ಸಾಮಗ್ರಿಯೆಲ್ಲವೂ ಆ ಖಾಲಿ ಪಡಸಾಲೆಯಲ್ಲಿ ಸಿದ್ಧವಾಗಿತ್ತು.

ಇಂಥ ಪ್ರಸಂಗವು ಹೊಸತಲ್ಲ. ಪ್ರಾಚೀನ ವ್ಯವಹಾರಶಾಸ್ತ್ರಜ್ಞರು ಇದನ್ನು ಕುರಿತು ಯೋಚಿಸಿದ್ದಾರೆ. ಕೌಟಿಲ್ಯನು ಮನೆಯ ಬಾಡಿಗೆಗೆ ಅವಕ್ರಯವೆಂಬ ಹೆಸರನ್ನಿಟ್ಟು, ಅವಕ್ರಯವನ್ನು ಕೊಟ್ಟು ವಾಸಿಸುವವನನ್ನು ಸುಮ್ಮನೆ ಹೊರಡಿಸುವ ಒಡೆಯನಿಗೆ ದಂಡವನ್ನು ವಿಧಿಸುತ್ತಾನೆ. ತನ್ನ ಇಚ್ಛೆಯಿಂದ ನಡುವರ್ಷದಲ್ಲಿ ಬಿಟ್ಟು ಹೋಗುವವನು ವರ್ಷದ ಉಳಿದ ಅವಕ್ರಯವನ್ನು ತೆರಬೇಕೆನ್ನುತ್ತಾನೆ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಪಂಡಿತ ಶಾಮಾಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಅಚ್ಚಾದ ಅರ್ಥಶಾಸ್ತ್ರದಲ್ಲಿ ಈ ವಿಚಾರವಿರುವದು. ನಾರದಸ್ಮೃತಿಯು ಇನ್ನೂ ಹತ್ತಿರಕ್ಕೆ ಬರುತ್ತದೆ. ಬಾಡಿಗೆಗೆ ಅಲ್ಲಿ ಸ್ತೋಮವೆಂದು ಹೆಸರು. ಪರರ ನೆಲದಲ್ಲಿ ಸ್ತೋಮವನ್ನು ಕೊಟ್ಟು ಮನೆಯನ್ನು ಕಟ್ಟಿ ವಾಸಿಸಿದವನು ಹೊರಡುವಾಗ ತನ್ನ ಹುಲ್ಲು, ಕಟ್ಟಿಗೆ, ಇಟ್ಟಿಗೆಗಳನ್ನು ತೆಗೆದುಕೊಂಡು ಹೋಗಬಹುದು. ಸ್ತೋಮವನ್ನು ಕೊಡದೆ ಒಡೆಯನ ಒಪ್ಪಿಗೆಯಿಲ್ಲದೆ ಕುಳಿತವನು ಅವುಗಳನ್ನು ಮುಟ್ಟಕೂಡದು. ಇನ್ನು ಬಾಡಿಗೆಗೆ ತಂದ ಪಾತ್ರೆಗಳ ವಿಷಯ: ಅವಧಿಯು ತುಂಬಿದೊಡನೆ ಅವುಗಳನ್ನು ತಿರುಗಿ ಮುಟ್ಟಿಸಬೇಕು, ಒಡೆದದ್ದಕ್ಕೂ ಕಳೆದದ್ದಕ್ಕೂ ತಂದವನೇ ಹೊಣೆ, ಮನುಷ್ಯನ ಕೈಮೀರಿದ ಉತ್ಪಾತದಿಂದಾದ ಹಾನಿಯು ಮಾತ್ರ ಇದಕ್ಕೆ ಹೊರತು.

ಇಂದು ನಡೆಯುವ ಕಾಯದೆಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಆಶ್ಚರ್ಯವಾಗುವದು. ೧೮೮೨ರ ಸ್ವತ್ತು ವರ್ಗಾವಣೆಯ ಕಾಯದೆಯ ೧೦೮ನೆಯ ಕಲಮಿನ ಪ್ರಕಾರ, ಬೇರೆ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಲ್ಲಿ, ಬಾಡಿಗೆದಾರನು ತಾನು ಹೊಕ್ಕಾಗ ಸ್ವತ್ತು ಯಾವ ಸ್ಥಿತಿಯಲ್ಲಿತ್ತೋ ಅದೇ ಸುಸ್ಥಿತಿಯಲ್ಲಿ ಅದನ್ನು ತಿರುಗಿ ಒಪ್ಪಿಸತಕ್ಕದ್ದು. ನ್ಯಾಯವಾದ ಬಳಕೆಯಿಂದಾದ ಸವೆತ ಮತ್ತು ತಡೆಯಲಸಾಧ್ಯವಾದ ಶಕ್ತಿಯಿಂದಾದ ಮಾರ್ಪಾಡು, ಈ ಎರಡಕ್ಕೆ ಮಾತ್ರ ಅವನು ಹೊಣೆಯಲ್ಲ. ತಾನು ನೆಲಕ್ಕೆ ಜೋಡಿಸಿದ ವಸ್ತುಗಳನ್ನು, ಸ್ವತ್ತನ್ನು ಮೊದಲಿನ ಸ್ಥಿತಿಯಲ್ಲಿಯೇ ಬಿಡುವದಾದರೆ, ಅವನು ಬಿಚ್ಚಿಕೊಂಡು ಹೋಗಲೂಬಹುದು. ಸ್ಮೃತಿಕಾರನ ಹುಲ್ಲು-ಇಟ್ಟಿಗೆಗಳೂ ಉತ್ಪಾತವೂ ಇಲ್ಲಿ ಬೇರೆ ವೇಷದಲ್ಲಿ ಬಂದಂತಿವೆ. ಬಾಡಿಗೆಯ ನಿಯಂತ್ರಣದ ಕಾಯದೆಗಳು ಬಹುತರವಾಗಿ ಪಟ್ಟಣಗಳನ್ನು ಲಕ್ಷಿಸಿ ಹುಟ್ಟಿದವು. ಕರೋಶಿಯಂಥ ಹಳ್ಳಿಯ ಮನೆಯ ವಿಷಯದಲ್ಲಿ ಕೊನೆಗೆ ನೋಡಬೇಕಾದದ್ದು ಈ ೧೮೮೨ರ ಕಾಯದೆಯನ್ನೇ.

ಹೀಗೆ ಬಾಡಿಗೆಯ ಮನೆಗೆ ಆಗುವ ವಿಕಾರಗಳು ಮೂರು ಬಗೆ: ಕಾಲದ ಸವೆತ, ಮನುಷ್ಯನ ಹಾನಿ, ದೈವದ ಉತ್ಪಾತ. ಹೊಸ್ತಿಲ ನಡುವೆ ಪಾದಗಳು ತುಳಿದು ಆದ ತಗ್ಗು ಸವೆತ. ಅದೇ ಹೊಸ್ತಿಲ ಮೇಲೆ ಕಟ್ಟಿಗೆಯನ್ನು ಸೀಳಿ ಮಾಡಿದ ಗಾಯ ಹಾನಿ. ಬಿಸಿಲಿಗೆ ಬಣ್ಣ ಮಾಸಿದ ಕದ ಸವೆತ. ಒದ್ದು ಮುರಿದ ಚಿಲಕ ಹಾನಿ. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಯ ದಂಡೆಯ ಊರುಗಳಲ್ಲಿ ನೀರು ನಿಂತು ಕುಸಿದ ಗೋಡೆಗಳು ಉತ್ಪಾತ. ಮೊದಲನೆಯದಕ್ಕೆ ಬಾಡಿಗೆಯೇ ಪ್ರತಿಫಲ. ಎರಡನೆಯದಕ್ಕೆ ಬಾಡಿಗೆದಾರನ ಹೊಣೆ. ಮೂರನೆಯದಕ್ಕೆ ಬಾಡಿಗೆದಾರನನ್ನು ದೂರುವಂತಿಲ್ಲ. ಇದು ಕೇಳುವದಕ್ಕೆ ಸುಲಭ. ಆದರೆ ಗೋಡೆಯ ಬಿರುಕೊಂದು ಎದುರಿಗೆ ಬಂದಾಗ, ಅದು ಮೂರರಲ್ಲಿ ಯಾವದೆಂದು ಬಿರುಕೇ ಬಾಯಿಬಿಟ್ಟು ಹೇಳುವದಿಲ್ಲ. ಕಾಯದೆಯ ನಿಯಮವೆಲ್ಲವೂ ನಿಂತಿರುವದು "ಹೊಕ್ಕಾಗಿನ ಸ್ಥಿತಿ" ಎಂಬ ಒಂದು ಆಧಾರದ ಮೇಲೆ. ಆ ಸ್ಥಿತಿಯನ್ನು ಹೇಳುವವರು ಯಾರು?

ಆಶ್ಚರ್ಯವೇನೆಂದರೆ, ಬರೆಯುವ ಅಭ್ಯಾಸವು ಈ ನಾಡಿಗೆ ಹೊಸದಲ್ಲ. ಹಳಗನ್ನಡದ ದಾನಶಾಸನಗಳು ನೆಲದ ಎಲ್ಲೆಗಳನ್ನು ದಿಕ್ಕು ದಿಕ್ಕಾಗಿ, ಹಳ್ಳ, ಬಂಡೆ, ಮರಗಳ ಗುರುತಿನಿಂದ ಕಲ್ಲಿನಲ್ಲಿ ಕೊರೆದಿಟ್ಟಿವೆ. ಇಂದಿನ ಖರೀದಿಪತ್ರಗಳಲ್ಲಿಯೂ ಚಕ್ಕುಬಂದಿಯನ್ನು ಬರೆಯದೆ ಕೆಲಸ ಸಾಗದು. ಈ ತಾಲೂಕು ೧೯೫೬ರ ನವೆಂಬರ ೧ರ ವರೆಗೆ ಮುಂಬಯಿಯ ಆಡಳಿತದಲ್ಲಿದ್ದು, ಅಲ್ಲಿಯ ಕಚೇರಿಗಳ ಪಂಚನಾಮೆ ಎಂಬ ಶಬ್ದವು ಇಲ್ಲಿಯ ಹಳ್ಳಿಹಳ್ಳಿಗಳಲ್ಲಿ ಮನೆಮಾತಾಗಿದೆ. ಬೆಳೆ ಹಾನಿಯಾದರೆ ಪಂಚನಾಮೆ, ಗೋಡೆ ಬಿದ್ದರೆ ಪಂಚನಾಮೆ, ಎತ್ತು ಸತ್ತರೆ ಪಂಚನಾಮೆ. ಆದರೆ ಬಾಡಿಗೆಯ ಪತ್ರದಲ್ಲಿ ಮನೆಯ ಪೂರ್ವಕ್ಕೆ ಯಾರ ಹಿತ್ತಲು, ಪಶ್ಚಿಮಕ್ಕೆ ಯಾವ ಓಣಿ ಎಂಬದೆಲ್ಲ ಇರುತ್ತದೆ. ನಾಲ್ಕು ಗೋಡೆಗಳ ಒಳಗೆ ಏನಿದೆಯೆಂಬದಕ್ಕೆ ಒಂದು ಸಾಲೂ ಇರುವದಿಲ್ಲ. ಒಂದು ವರ್ಷಕ್ಕೆ ಮೀರಿದ ಬಾಡಿಗೆಪತ್ರಕ್ಕೆ ೧೯೦೮ರ ನೋಂದಣಿಯ ಕಾಯದೆಯಂತೆ ನೋಂದಣಿಯು ಬೇಕಾಗುವದರಿಂದ ಜನರು ಹನ್ನೊಂದು ತಿಂಗಳ ಪತ್ರವನ್ನು ಬರೆಯಿಸುತ್ತಾರೆ. ಅದರ ಅವಧಿ ಮುಗಿದರೂ ವಾಸವು ಮುಂದುವರಿಯುತ್ತದೆ. ಪತ್ರವು ಹಳತಾಗುತ್ತದೆ, ನಂಬಿಕೆಯು ಮಾತ್ರ ನವೀಕರಣವಾಗುತ್ತ ಹೋಗುತ್ತದೆ.

ಅನ್ಯದೇಶಗಳಲ್ಲಿ ಈ ನಂಬಿಕೆಯ ಭಾರವನ್ನು ಕಾಗದದ ಮೇಲೆ ಹೊರಿಸಿದ್ದಾರೆ. ಫ್ರಾನ್ಸಿನಲ್ಲಿ ಹೊಗುವಾಗಲೂ ಬಿಡುವಾಗಲೂ ಉಭಯತರು ಕೂಡಿ ಮನೆಯನ್ನು ಪರೀಕ್ಷಿಸಿ ಸ್ಥಿತಿಪತ್ರಕ್ಕೆ ರುಜು ಹಾಕುವದು ರೂಢಿ. ೧೮೦೪ರಲ್ಲಿ ಹುಟ್ಟಿದ ಅಲ್ಲಿಯ ನಾಗರಿಕ ಸಂಹಿತೆಯ ೧೭೩೧ನೆಯ ಕಲಮಿನಂತೆ, ಅಂಥ ಪತ್ರವಿಲ್ಲದಿದ್ದಲ್ಲಿ ಬಾಡಿಗೆದಾರನು ಮನೆಯನ್ನು ಸುಸ್ಥಿತಿಯಲ್ಲಿಯೇ ಪಡೆದನೆಂದು ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಹೊಣೆಯು ಅವನದು. ಇಂಗ್ಲೆಂಡಿನಲ್ಲಿ ೨೦೦೭ರ ಏಪ್ರಿಲಿನಿಂದ ಸಾಮಾನ್ಯ ಬಾಡಿಗೆಗಳ ಠೇವಣಿಯನ್ನು ಒಡೆಯನು ಅಂಗೀಕೃತವಾದ ರಕ್ಷಣಾ ಯೋಜನೆಯೊಂದರಲ್ಲಿ ಸೇರಿಸಬೇಕು. ತಂಟೆಯಾದಲ್ಲಿ ಎರಡು ಯಾದಿಗಳನ್ನು ಎದುರುಬದುರು ಇಟ್ಟು ನೋಡುತ್ತಾರೆ. ಕನ್ನಡಿಗರ ಕುಟುಂಬಗಳು ಬಹುಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ೨೦೨೫ರ ಏಪ್ರಿಲ ೧ರಿಂದ, ಮನೆಯು ತೆರವಾದ ಮೇಲೆ ಒಡೆಯನೇ ಅದರ ಛಾಯಾಚಿತ್ರಗಳನ್ನು ತೆಗೆದಿಡಬೇಕೆಂಬ ನಿಯಮವು ಬಂದಿದೆ. ಅದೇ ವರ್ಷದ ಜುಲೈ ೧ರಿಂದ ಆರಂಭವಾಗುವ ಬಾಡಿಗೆಗಳಲ್ಲಿ ಹೊಗುವ ಮೊದಲಿನ ಛಾಯಾಚಿತ್ರಗಳೂ ಬೇಕು. ಭಾರತದಲ್ಲಿಯೂ ಕೇಂದ್ರ ಸರಕಾರವು ೨೦೨೧ರಲ್ಲಿ ರಾಜ್ಯಗಳಿಗಾಗಿ ಸಿದ್ಧಪಡಿಸಿದ ಮಾದರಿಯ ಬಾಡಿಗೆಯ ಕಾಯದೆಯಲ್ಲಿ, ಗೋಡೆಗೆ ಸುಣ್ಣಬಣ್ಣ ಮತ್ತು ಕಟ್ಟಡದ ದುರಸ್ತಿ ಒಡೆಯನ ಪಾಲಿಗೆ, ನಳ, ಸ್ವಿಚ್ಚು, ಕಿಟಕಿಯ ಗಾಜು, ಚಿಲಕಗಳ ದುರಸ್ತಿ ಬಾಡಿಗೆದಾರನ ಪಾಲಿಗೆ ಎಂದು ಹಂಚಿ ತೋರಿಸಿದ್ದಾರೆ.

ಕರೋಶಿಯ ಪಡಸಾಲೆಯಲ್ಲಿ ಮಗನು ತೆಗೆದ ಫೋಟೋಗಳು ಚೆನ್ನಾಗಿಯೇ ಬಂದಿದ್ದವು. ಬಿರುಕಿನ ಉದ್ದ, ಅಗಲ, ತೆಗೆದ ದಿನ, ವೇಳೆ ಎಲ್ಲವೂ ಅವುಗಳಲ್ಲಿದ್ದವು. ಬಿರುಕಿನ ವಯಸ್ಸು ಮಾತ್ರ ಇರಲಿಲ್ಲ. ಬಿಡುವಾಗಿನ ಚಿತ್ರವು ಇಂದಿನ ಸ್ಥಿತಿಗೆ ಸಾಕ್ಷಿ, ಅಂದಿನ ಸ್ಥಿತಿಗಲ್ಲ. ಒಂದೇ ತಟ್ಟೆಯಿರುವ ತಕ್ಕಡಿಯಿಂದ ಏನನ್ನೂ ತೂಗಲಾಗುವದಿಲ್ಲ. ಹೊಗುವಾಗಿನ ಯಾದಿಯು ಇನ್ನೊಂದು ತಟ್ಟೆ.

ಮಾತು ಬೆಳೆಯುವಾಗ ವೃದ್ಧೆಯು ಬಾಗಿಲಿನ ಹತ್ತಿರ ಕುಳಿತು ಕೇಳುತ್ತಿದ್ದಳು. ಆಕೆಗೆ ಓದು ಬರುವದಿಲ್ಲ. "ನಮ್ಮ ಹಿರ್ಯಾರು ಆಗ ಏನೋ ಒಂದ ಬರದ ಇಟ್ಟಿದ್ರು" ಎಂದು ಎದ್ದು ಹೋಗಿ, ಮೊಮ್ಮಗನ ಕೈಯಿಂದ ಒಂದು ತಗಡಿನ ಟ್ರಂಕನ್ನು ಹೊರಿಸಿಕೊಂಡು ಬಂದಳು. ಹೊಲದ ಉತಾರೆಗಳು, ಮನೆಪಟ್ಟಿಯ ಪಾವತಿಗಳು, ಹಳೆಯ ಲಗ್ನಪತ್ರಿಕೆಗಳು ಇವುಗಳ ಕೆಳಗೆ ನಾಲ್ಕಾಗಿ ಮಡಚಿದ ಒಂದು ಹಾಳೆ ಸಿಕ್ಕಿತು. ತಲಾಠಿಯವರು ಜೀವಮಾನವೆಲ್ಲ ಪರರ ಹೊಲಮನೆಗಳ ಪಂಚನಾಮೆಯನ್ನು ಬರೆದವರು. ಅದೇ ಅಭ್ಯಾಸದಿಂದ ತಮ್ಮ ಮನೆಯದನ್ನೂ ಬರೆದಿದ್ದರು. ಕೆಳಗೆ ಅವರ ರುಜು. ಅದರ ಪಕ್ಕದಲ್ಲಿ ಕಾರಕೂನರ ರುಜು. ಕಾರಕೂನರು ತಮ್ಮ ಅಕ್ಷರವನ್ನು ಗುರುತಿಸಿದರು. ಆದರೆ ರುಜು ಹಾಕಿದ ನೆನಪು ಅವರಿಗೆ ಎಷ್ಟು ಯೋಚಿಸಿದರೂ ಬರಲಿಲ್ಲ. ಅವರಿಗೆ ಕೊಟ್ಟಿದ್ದ ಇನ್ನೊಂದು ಪ್ರತಿಯು ಎಲ್ಲಿ ಹೋಯಿತೋ ದೇವರೇ ಬಲ್ಲ.

ಮಗನು ಗಟ್ಟಿಯಾಗಿ ಓದಿದನು. ಪಡಸಾಲೆಯ ಪೂರ್ವದ ಗೋಡೆಗೆ ಕಿಟಕಿಯ ಮೇಲೆ ಬಿರುಕು, ೯ ಇಂಚು. ಫರಸಿ ೪೨, ಪೈಕಿ ಒಡೆದವು ೩. ಗೂಟ ೬. ಕೀಲಿಕೈ ೩. ನಡುಕೋಣೆಯ ಕದಕ್ಕೆ ಒಳಚಿಲಕ ಇಲ್ಲ. ಅಡಿಗೆಯ ಮನೆಗೆ ಹೊಸದಾಗಿ ಸುಣ್ಣವಾಗಿದೆ. ಹೀಗೆ ಸಾಗಿತ್ತು ಒಕ್ಕಣೆ.

ಅಳತೆಪಟ್ಟಿಯನ್ನು ತಂದು ಬಿರುಕನ್ನು ಅಳೆದರು. ೧೩ ಇಂಚು ಬಂದಿತು. ೨೦೧೯ರ ಆ ಮಳೆಗಾಲದಲ್ಲಿ ಪೂರ್ವದ ಗೋಡೆಯು ವಾರಗಟ್ಟಲೆ ನೆನೆದದ್ದು ಎಲ್ಲರಿಗೂ ನೆನಪಿತ್ತು. ಮೂಲ ಬಿರುಕು ಮನೆಯದು, ಬೆಳೆದದ್ದು ಮಳೆಯದು ಎಂದು ಮಗನೇ ತೀರ್ಮಾನ ಹೇಳಿದನು. ತಲಾಠಿಯವರು ಇಂಚಿನ ಬದಲು ಗೇಣೆಂದು ಬರೆದಿದ್ದರೆ ಯಾರ ಗೇಣೆಂಬ ಇನ್ನೊಂದು ವಾದವು ಹುಟ್ಟುತ್ತಿತ್ತು. ಫರಸಿಗಳಲ್ಲಿ ಎರಡು ತಮ್ಮ ಕಾಲದಲ್ಲಿ ಒಡೆದವೆಂದು ಕಾರಕೂನರು ಒಪ್ಪಿದರು. ಒಲೆಯ ಹಿಂದಿನ ಕಪ್ಪು ಹನ್ನೊಂದು ವರ್ಷದ ಅಡಿಗೆಯದು. ಅದು ಸವೆತವೇ ಸರಿ. ಕಾರಕೂನರ ಮುಖದ ಮೇಲೆ ಸಮಾಧಾನವು ಮೂಡಿತು. ಮಗನು ಹಾಳೆಯನ್ನು ತಿರುವಿ ಕೊನೆಯ ಸಾಲನ್ನು ಓದಿದನು: ಬಚ್ಚಲಲ್ಲಿ ತಾಮ್ರದ ಹಂಡೆ ೧, ಕಂಠದ ಹತ್ತಿರ ತಗ್ಗು ಇದೆ.

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ಕಾರಕೂನರು ಹೆಂಡತಿಯ ಕಡೆಗೆ ನೋಡಿದರು; ಆಕೆಯು ನೆಲವನ್ನು ನೋಡುತ್ತಿದ್ದಳು. ಎಂಟು ವರ್ಷಗಳ ಹಿಂದೆ ಆ ಹಂಡೆಯು ಸೋರತೊಡಗಿತ್ತು. ನೀರು ಕಾಯಿಸುವದಕ್ಕೆ ವಿದ್ಯುತ್ತಿನ ಸಾಧನವನ್ನು ತಂದ ಮೇಲೆ ಅದು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ಚಿಕ್ಕೋಡಿಯ ಪಾತ್ರೆಯ ಅಂಗಡಿಯಲ್ಲಿ ಅದನ್ನು ಹಳೆಯ ತಾಮ್ರದ ತೂಕಕ್ಕೆ ಕೊಟ್ಟು, ಪ್ರತಿಯಾಗಿ ಸ್ಟೀಲಿನ ಡಬ್ಬಿಗಳನ್ನು ತಂದಿದ್ದರು. ಕದ್ದು ಮಾಡಿದ ಕೆಲಸವಲ್ಲ. ದಿನಾಲು ಬಳಸಿದ ವಸ್ತುವು ತಮ್ಮದಲ್ಲವೆಂಬ ನೆನಪೇ ಅವರಿಗೆ ಅಳಿದುಹೋಗಿತ್ತು. ಬಿರುಕಿನ ವಿಷಯದಲ್ಲಿ ತಮ್ಮನ್ನು ನಂಬಲಿಲ್ಲವೆಂದು ನೊಂದುಕೊಂಡ ಮನುಷ್ಯನಿಗೆ, ತಮ್ಮ ನೆನಪು ತಮ್ಮನ್ನೇ ಹೇಗೆ ವಂಚಿಸಿತ್ತೆಂಬದು ಆ ಒಂದು ಸಾಲಿನಿಂದ ತಿಳಿಯಿತು.

"ಆಯಿ, ತಪ್ಪಾತು. ಅದರ ಬೆಲಿ ಎಷ್ಟಾಗ್ತದೋ ಠೇವಣ್ಯಾಗ ಮುರಕೊಳ್ರಿ" ಎಂದರು.

ವೃದ್ಧೆಯು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನನ್ನ ಲಗ್ನದಾಗ ನಮ್ಮಪ್ಪ ಕೊಟ್ಟಿದ್ದು ಅದು, ತಮ್ಮಾ. ಅದಕ್ಕ ಬೆಲಿ ಏನ ಕಟ್ಟತಿ?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ; ಸಿಟ್ಟಿದ್ದರೆ ಕಾರಕೂನರಿಗೆ ಸುಲಭವಾಗುತ್ತಿತ್ತು. ಮಗನು ಏನೋ ಹೇಳಹೋದನು. ಆಕೆಯು ಕೈಯಿಂದ ತಡೆದಳು. "ರೊಕ್ಕ ಬ್ಯಾಡ. ಆದರ ಈ ಸಲದ ಯಾದ್ಯಾಗ ಅದನ್ನೂ ಬರಿ. ಹಿರ್ಯಾರು ಬರದದ್ದನ್ನ ಬಿಡಬ್ಯಾಡ."

ಅನಂತರ ಅವರು ಬಿಡುವಾಗಿನ ಯಾದಿಯನ್ನು ಬರೆದ ರೀತಿಯು ಇತರರಿಗೂ ಉಪಯುಕ್ತವಾದದ್ದು. ಸಾಮಾನೆಲ್ಲ ಹೊರಗೆ ಹೋದ ಮೇಲೆ, ಹಗಲಿನ ಬೆಳಕಿನಲ್ಲಿ, ಉಭಯತರೂ ಕೂಡಿಯೇ ನಡೆದರು. ಒಬ್ಬರೇ ಬರೆದದ್ದು ಫಿರ್ಯಾದಿಯಾಗುತ್ತದೆ, ಇಬ್ಬರೂ ಬರೆದದ್ದು ಯಾದಿಯಾಗುತ್ತದೆ. ಹೊಸ್ತಿಲಿನಿಂದ ಆರಂಭಿಸಿ ಪ್ರತಿ ಕೋಣೆಯನ್ನೂ ಪ್ರದಕ್ಷಿಣಕ್ರಮದಲ್ಲಿ ಸುತ್ತಿದರು. ಪ್ರತಿಯೊಂದರಲ್ಲಿಯೂ ಮೊದಲು ಮೇಲ್ಗಡೆ ತೊಲೆ, ಜಂತಿ, ಹಂಚುಗಳನ್ನು, ಬಳಿಕ ನಾಲ್ಕು ಗೋಡೆಗಳನ್ನು, ಕೊನೆಗೆ ನೆಲವನ್ನು ನೋಡಿದರು. ಹೀಗೆ ಕ್ರಮವಿಟ್ಟುಕೊಂಡರೆ ಯಾವ ಮೂಲೆಯೂ ತಪ್ಪುವದಿಲ್ಲ. "ಚೆನ್ನಾಗಿದೆ", "ಕೆಟ್ಟಿದೆ" ಎಂಬ ಶಬ್ದಗಳನ್ನು ಬಿಟ್ಟು, ಎಷ್ಟು, ಎಲ್ಲಿ, ಎಷ್ಟು ಉದ್ದ ಎಂಬದನ್ನೇ ಬರೆದರು. ನಳಗಳನ್ನು ತಿರುವಿ ನೋಡಿದರು. ದೀಪಗಳನ್ನು ಹಚ್ಚಿ ಆರಿಸಿದರು. ಹೆಸ್ಕಾಂ ಮೀಟರಿನ ಅಂಕಿಯನ್ನು ಬರೆದುಕೊಂಡರು. ಕೊನೆಯ ವಿದ್ಯುತ್ತಿನ ಬಿಲ್ಲನ್ನೂ ನೀರಿನ ಪಟ್ಟಿಯನ್ನೂ ಯಾರು ತುಂಬಬೇಕೆಂಬದನ್ನು ನಮೂದಿಸಿದರು. ಕೀಲಿಕೈಗಳನ್ನು ಎಣಿಸಿ ಕೊಟ್ಟರು. ಹಳೆಯ ಯಾದಿಯ ಪ್ರತಿಯೊಂದು ಸಾಲಿಗೆ ಎದುರಾಗಿ ಹೊಸ ಯಾದಿಯ ಸಾಲು ಬರುವಂತೆ ನೋಡಿಕೊಂಡರು.

ಮಗನ ಫೋಟೋಗಳು ಈಗ ವ್ಯರ್ಥವಾಗಲಿಲ್ಲ. ಪ್ರತಿ ಕೋಣೆಯದು ದೂರದಿಂದ ಒಂದು, ಕಲೆ ಅಥವಾ ಬಿರುಕಿನದು ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಹತ್ತಿರದಿಂದ ಒಂದು, ಹೀಗೆ ತೆಗೆದು, ಇಬ್ಬರ ಮೊಬೈಲುಗಳಲ್ಲಿಯೂ ಇಟ್ಟುಕೊಂಡರು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿ­ಯಮದಂತೆ, ಇಂಥ ಚಿತ್ರಗಳ ಪ್ರತಿಯನ್ನು ನ್ಯಾಯಾಲಯದಲ್ಲಿ ಹಾಜರುಪಡಿಸುವದಾದರೆ ನಿಯಮಿತವಾದ ಪ್ರಮಾಣಪತ್ರವು ಬೇಕು. ಆದುದರಿಂದ ತೆಗೆದ ಮೂಲವನ್ನು ಅಳಿಸದೆ ಇಡುವದು ಒಳ್ಳೆಯದು. ಆದರೆ ಯಾದಿಯ ನಿಜವಾದ ಉಪಯೋಗವು ನ್ಯಾಯಾಲಯಕ್ಕೆ ಹೋಗುವದಕ್ಕಲ್ಲ, ಹೋಗದೆ ಇರುವದಕ್ಕೆ.

ಕಾರಕೂನರು ಹಿತ್ತಲಲ್ಲಿ ಸ್ವಂತ ಖರ್ಚಿನಿಂದ ತಗಡಿನ ಒಂದು ಛಪ್ಪರವನ್ನು ಹಾಕಿಸಿದ್ದರು. ಸ್ಮೃತಿಯಂತೆಯೂ ಕಾಯದೆಯಂತೆಯೂ ಅದನ್ನು ಬಿಚ್ಚಿ ಒಯ್ಯುವ ಅಧಿಕಾರವು ಅವರಿಗಿತ್ತು. ಗಾಡಿಯಲ್ಲಿ ಸ್ಥಳವೂ ಇತ್ತು. ಅವರು ಅದನ್ನು ಬಿಟ್ಟರು. ಅದು ಹಂಡೆಗೆ ಬದಲಲ್ಲವೆಂಬದು ಅವರಿಗೂ ಗೊತ್ತು, ವೃದ್ಧೆಗೂ ಗೊತ್ತು. ಎರಡು ಫರಸಿಗಳ ಬೆಲೆಯನ್ನು ಮುರಿದುಕೊಂಡು ಉಳಿದ ಠೇವಣಿಯನ್ನು ಮಗನು ಅಲ್ಲಿಯೇ ಎಣಿಸಿ ಕೊಟ್ಟು ಪಾವತಿಯನ್ನು ಪಡೆದನು.

ಯಾದಿಯ ಕೊನೆಯ ಸಾಲನ್ನು ಬರೆಯುವಾಗ ಕಾರಕೂನರ ಲೇಖಣಿಯು ಕೊಂಚ ತಡೆಯಿತು. ಸಾವಿರಾರು ಖಾತೆಗಳಲ್ಲಿ ಪರರ ಬಾಕಿಯನ್ನು ನಿರಾಯಾಸವಾಗಿ ಬರೆದ ಕೈ ಅದು. "ಬಚ್ಚಲಲ್ಲಿ ತಾಮ್ರದ ಹಂಡೆ: ಇಲ್ಲ. ಬಾಡಿಗೆದಾರರ ಕಡೆಯಿಂದ ಹೋಗಿದೆ" ಎಂದು ಬರೆದು ರುಜು ಹಾಕಿದರು. ಮಗನು ರುಜು ಹಾಕಿದನು. ವೃದ್ಧೆಯು ಹೆಬ್ಬೆರಳನ್ನು ಒತ್ತಿ, ಶಾಯಿಯನ್ನು ಸೆರಗಿನಿಂದ ಒರೆಸಿಕೊಂಡು, ಕಾರಕೂನರ ಹೆಂಡತಿಗೆ ಉಡಿ ತುಂಬಿದಳು.

ಯಾದಿಯನ್ನು ಬೇಡುವದು ಅವಿಶ್ವಾಸದ ಲಕ್ಷಣವೆಂದು ಅನೇಕ ಸದ್ಗೃಹಸ್ಥರು ಸಂಕೋಚಪಡುತ್ತಾರೆ. ಅವಿಶ್ವಾಸಕ್ಕೆ ಪಾತ್ರವಾದದ್ದು ಎದುರಿನ ಮನುಷ್ಯನಲ್ಲ, ಇಬ್ಬರ ನೆನಪು. ತಲಾಠಿಯವರು ಕಾಗದವನ್ನು ಬರೆಯದೆ ಹೋಗಿದ್ದರೆ ಬಿರುಕಿನ ವಿಷಯದಲ್ಲಿ ಸಜ್ಜನನೊಬ್ಬನು ಸುಳ್ಳನೆನಿಸುತ್ತಿದ್ದನು. ಹಂಡೆಯ ವಿಷಯದಲ್ಲಿ ಅದೇ ಸಜ್ಜನನು ತಾನು ಋಣಿಯೆಂಬದನ್ನು ತಿಳಿಯದೆಯೇ ಹೊರಟುಹೋಗುತ್ತಿದ್ದನು. ಕಾಗದವು ಯಾರ ಪಕ್ಷವನ್ನೂ ವಹಿಸಲಿಲ್ಲ. ಆದುದರಿಂದಲೇ ಇಬ್ಬರಿಗೂ ಮುಂದೆ ಒಬ್ಬರ ಮುಖವನ್ನೊಬ್ಬರು ನೋಡುವದು ಸಾಧ್ಯವಾಯಿತು.

ರಾಯಬಾಗದ ಹೊಸ ಮನೆಯಲ್ಲಿ ಮರುದಿನ ಬೆಳಿಗ್ಗೆ ಒಲೆಯ ಮೇಲೆ ಹಾಲನ್ನಿಟ್ಟು ಗೃಹಿಣಿಯು ಗಂಡನನ್ನು ಕರೆದಳು. ಕಾರಕೂನರು ಆ ಹೊತ್ತಿಗೆ ಹೊಸ ಒಡೆಯರೊಡನೆ ಹೊಸ್ತಿಲಲ್ಲಿ ನಿಂತು, ಕೈಯಲ್ಲಿ ಎರಡು ಹಾಳೆಗಳನ್ನು ಹಿಡಿದು, ಬಾಗಿಲ ಚೌಕಟ್ಟಿನಿಂದ ಮೊದಲುಮಾಡಿ ಬರೆಯುತ್ತಿದ್ದರು. ಬಚ್ಚಲು ಬರೆದು ಮುಗಿದ ಮೇಲೆಯೇ ಹಾಲು ಉಕ್ಕಿಸಲು ಒಳಗೆ ಬಂದರು.